ಹೆಬ್ಬೆಟ್ಟು ಫೇಲು, ಸರ್ಕಾರ ಪಾಸು

ನಮ್ಮ ಅಣ್ಣಿಗೇರಿಯ ಒಂದು ರೇಷನ್ ಅಂಗಡಿ. ಬೆಳಗಿನ ಹತ್ತೂವರೆ. ಸಾಲಿನ ಮುಂದೆ ಎಪ್ಪತ್ತು ದಾಟಿದ ಅಜ್ಜಿ. ಮಷೀನಿನ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟಳು. ಕೆಂಪು ದೀಪ.

"ಬಟ್ಟ ಬರವಲ್ದು ಬೇ. ಒರಸಿ ಇಡು."

ಸೆರಗಿಗೆ ಒರಸಿ ಇಟ್ಟಳು. ಕೆಂಪು. ತೋರುಬೆರಳು ಇಟ್ಟಳು. ಕೆಂಪು. ಎಡಗೈ. ಅದೂ ಕೆಂಪು. ಕೊಬ್ಬರಿ ಎಣ್ಣಿ ಹಚ್ಚು ಅಂದ ಒಬ್ಬ. ನಿಂಬೆಹಣ್ಣು ತಿಕ್ಕು ಅಂದ ಇನ್ನೊಬ್ಬ. ಸಾಲಿನಲ್ಲಿದ್ದವರೆಲ್ಲ ಒಂದು ಗಳಿಗೆ ಹಸ್ತಸಾಮುದ್ರಿಕರಾದರು.

"ನೀ ಅಲ್ಲ ಅಂತ ತೋರಸ್ತೈತಿ ಬೇ."

"ಹಂಗಾರ ನಾ ಯಾರೋ ತಮ್ಮಾ?"

ಈ ಪ್ರಶ್ನೆಯ ಉತ್ತರ ಹುಡುಕಿಕೊಂಡು ರಮಣ ಮಹರ್ಷಿಗಳು ಗುಹೆಯಲ್ಲಿ ವರ್ಷಗಟ್ಟಲೆ ಕೂತರು. ಅಜ್ಜಿಗೆ ಅಷ್ಟು ಪುರುಸೊತ್ತಿಲ್ಲ. ಒಲೆಯ ಮೇಲೆ ಎಸರಿಡಬೇಕು.

ಆ ಹೆಬ್ಬೆಟ್ಟಿನ ಚರಿತ್ರೆ ಕೇಳಿ. ಐವತ್ತು ವರ್ಷ ಎರೆಹೊಲದಲ್ಲಿ ಕಸ ತೆಗೆದದ್ದು. ಹತ್ತಿ ಬಿಡಿಸಿದ್ದು. ಕೆಂಪು ಮೆಣಸಿನಕಾಯಿಯ ತೊಟ್ಟು ಮುರಿದು ಮುರಿದು ಉರಿದದ್ದು. ಅದರ ಗೆರೆಗಳೆಲ್ಲ ಈ ಊರಿನ ಮಣ್ಣಿನಲ್ಲಿವೆ. ಮಷೀನಿಗೆ ಬೇಕಾದ ಗೆರೆ ಬೆರಳಿನಲ್ಲಿ ಉಳಿದಿಲ್ಲ. ಅಂದರೆ, ಹೆಚ್ಚು ದುಡಿದವರೇ ಈ ಪರೀಕ್ಷೆಯಲ್ಲಿ ಹೆಚ್ಚು ಫೇಲು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದರು. ಕೈ ಸವೆದರೆ ಅಕ್ಕಿಯೂ ಇಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಇನ್ನೊಂದು ತಮಾಷೆ. ನಮ್ಮಲ್ಲಿ 'ಹೆಬ್ಬೆಟ್ಟು' ಅಂದರೆ ಓದುಬರಹ ಬಾರದವರನ್ನು ಹೀಯಾಳಿಸುವ ಮಾತು. ಸಾಕ್ಷರತಾ ಆಂದೋಲನದವರು ಊರೂರು ತಿರುಗಿ, ಹೆಬ್ಬೆಟ್ಟು ಒತ್ತಬೇಡಿ, ಸಹಿ ಕಲಿಯಿರಿ ಎಂದರು. ಅಜ್ಜಿ ಅಷ್ಟು ವಯಸ್ಸಿನಲ್ಲಿ ಸಹಿ ಕಲಿತಳು. ಕಲಿತ ಮೇಲೆ ಸರ್ಕಾರ ಹೇಳಿತು: ಸಹಿ ಬೇಡ, ಹೆಬ್ಬೆಟ್ಟು ಒತ್ತು.

ಈಗ ಸಂವಿಧಾನದ ಮಾತಿಗೆ ಬರೋಣ. ಹೌದು, ಇದು ಅಕ್ಕಿಯ ಲೇಖನವಲ್ಲ.

2024ರ ಜನವರಿ 26ರಿಂದ ಫೆಬ್ರವರಿವರೆಗೆ ರಾಜ್ಯದ ತುಂಬ ಸಂವಿಧಾನ ಜಾಗೃತಿ ಜಾಥಾ ನಡೆಯಿತು. ಹಳ್ಳಿ ಹಳ್ಳಿಗೆ ಸ್ತಬ್ಧಚಿತ್ರದ ವಾಹನ. ಹೂವು, ಭಾಷಣ, ಪೀಠಿಕೆ ಓದು. ಶಾಲೆಯ ಮಕ್ಕಳೂ ಪೀಠಿಕೆ ಓದುತ್ತಾರೆ. ಒಳ್ಳೆಯದೇ. ನನ್ನ ತಕರಾರು ಒಂದೇ. ಇಡೀ ಆಡಳಿತ ಪೀಠಿಕೆಯಲ್ಲೇ ನಿಂತುಬಿಟ್ಟಿದೆ. ಮುಂದಿನ ಪುಟ ತಿರುವಿದವರು ಕಾಣುತ್ತಿಲ್ಲ.

ಮುಂದಿನ ಪುಟ ತಿರುವಿದ ಒಬ್ಬರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ನಮ್ಮವರು ಮೊಮ್ಮಕ್ಕಳ ಮದುವೆಯ ಲೆಕ್ಕ ಹಾಕುತ್ತಾರೆ. ಇವರು ಸರ್ಕಾರದ ಲೆಕ್ಕ ಕೇಳಿದರು.

ಸರ್ಕಾರದ ಉತ್ತರ ಏನು? 2015ರಲ್ಲಿ ಅಟಾರ್ನಿ ಜನರಲ್ ಎದ್ದು ನಿಂತು, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದರು. 2017ರಲ್ಲಿ ಇನ್ನೊಂದು ಮೆಟ್ಟಿಲು ಇಳಿದು, ಪ್ರಜೆಗೆ ತನ್ನ ದೇಹದ ಮೇಲೆ ಪೂರ್ಣ ಹಕ್ಕಿಲ್ಲ ಎಂದರು. ದೇಹ ನಮ್ಮದು, ಕಾಯಿಲೆ ನಮ್ಮದು, ಆಸ್ಪತ್ರೆ ಬಿಲ್ಲೂ ನಮ್ಮದು. ಬೆರಳು ಮಾತ್ರ ಸರ್ಕಾರದ್ದು.

2017ರ ಆಗಸ್ಟ್ 24. ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. 547 ಪುಟದ ತೀರ್ಪು. ಅದರಲ್ಲಿ ಸರ್ಕಾರಕ್ಕೊಂದು ಪರೀಕ್ಷೆ ಇಟ್ಟರು. ಪ್ರಜೆಯ ಹಕ್ಕಿಗೆ ಕೈ ಹಾಕುವ ಮೊದಲು ಸರ್ಕಾರ ಪಾಸಾಗಬೇಕಾದ ಪರೀಕ್ಷೆ.

ವಕೀಲರ ಭಾಷೆಯಲ್ಲಿ ಅದು ಭಯಂಕರವಾಗಿದೆ. ನಮ್ಮ ಕಟ್ಟೆಯ ಭಾಷೆಯಲ್ಲಿ ನಾಲ್ಕೇ ಪ್ರಶ್ನೆ.

ಒಂದು, ನೀನು ಮಾಡುತ್ತಿರುವುದಕ್ಕೆ ಕಾನೂನು ಇದೆಯೇ, ಅಥವಾ ಸಾಹೇಬರ ಬಾಯಿಮಾತೇ?

ಎರಡು, ನಿನ್ನ ಉದ್ದೇಶ ನ್ಯಾಯವಾದದ್ದೇ?

ಮೂರು, ಆ ಉದ್ದೇಶಕ್ಕೆ ಇದೇ ದಾರಿ ಬೇಕೇ? ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದೀಯಾ?

ನಾಲ್ಕು, ಬರುವ ಲಾಭಕ್ಕೂ ಆಗುವ ನೋವಿಗೂ ಅಳತೆ ಹೊಂದುತ್ತದೆಯೇ? ನೆಗಡಿ ಬಂತೆಂದು ಮೂಗು ಕೊಯ್ಯುತ್ತಿದ್ದೀಯಾ?

ಮುಗಿಯಿತು. ಕೆನಡಾದ ಕೋರ್ಟಾಗಲಿ ಜರ್ಮನಿಯ ಕೋರ್ಟಾಗಲಿ ಹೆಚ್ಚುಕಡಿಮೆ ಇದನ್ನೇ ಕೇಳುತ್ತವೆ. ನಮ್ಮ ಅಜ್ಜಿಯರು ಇದನ್ನು ಎರಡು ಗಾದೆಯಲ್ಲಿ ಮುಗಿಸಿದ್ದರು. ಕೋರ್ಟಿಗೆ 547 ಪುಟ ಹಿಡಿಯಿತು. ಸರ್ಕಾರಕ್ಕೆ ಗಾದೆಯೂ ತಿಳಿಯಲಿಲ್ಲ, ಪುಟವೂ ತಿಳಿಯಲಿಲ್ಲ.

ಗಮನಿಸಿ. ಈ ಪರೀಕ್ಷೆ ಬರೆಯಬೇಕಾದವನು ಸರ್ಕಾರ. ಸಮಜಾಯಿಷಿ ಕೊಡಬೇಕಾದವನು ಕೈ ಹಾಕಿದವನು, ಕೈ ಹಾಕಿಸಿಕೊಂಡವನಲ್ಲ. ದೆಹಲಿಯಿಂದ ಅಣ್ಣಿಗೇರಿಗೆ ಬರುವಷ್ಟರಲ್ಲಿ ಪರೀಕ್ಷಾರ್ಥಿ ಬದಲಾಗಿಬಿಟ್ಟ. ಇಲ್ಲಿ ದಿನಾ ಪರೀಕ್ಷೆ ಬರೆಯುವವಳು ಅಜ್ಜಿ. ಮೇಲ್ವಿಚಾರಕ ಸರ್ಕಾರ. ಪ್ರಶ್ನೆಪತ್ರಿಕೆಯೂ ಅವರದೇ, ಕೆಂಪು ಶಾಯಿಯೂ ಅವರದೇ.

ಸರ್ಕಾರದ ಉತ್ತರಪತ್ರಿಕೆ ಸ್ವಲ್ಪ ತೆರೆದು ನೋಡೋಣ.

ಮೊದಲ ಪ್ರಶ್ನೆ, ಕಾನೂನು. ಆಧಾರ್ ಪ್ರಾಧಿಕಾರ ಹುಟ್ಟಿದ್ದು 2009ರ ಜನವರಿಯಲ್ಲಿ, ಒಂದು ಅಧಿಸೂಚನೆಯಿಂದ. ಕಾನೂನು ಹುಟ್ಟಿದ್ದು 2016ರಲ್ಲಿ. ಆ ನಡುವೆ ದೇಶದ ಕೋಟ್ಯಂತರ ಜನರ ಬೆರಳು, ಕಣ್ಣು ತೆಗೆದುಕೊಂಡದ್ದು ಯಾವ ಕಾನೂನಿನಲ್ಲಿ? ಮಗುವಿಗೆ ಏಳು ವರ್ಷ ತುಂಬಿದ ಮೇಲೆ ಅಪ್ಪ ಅಮ್ಮ ಲಗ್ನಪತ್ರಿಕೆ ಅಚ್ಚು ಹಾಕಿಸಿದಂತಾಯಿತು. ಅದೂ ರಾಜ್ಯಸಭೆಯ ಮಾತು ಲೆಕ್ಕಕ್ಕೆ ಬರದ ಹಾಗೆ, ಹಣಕಾಸು ಮಸೂದೆ ಎಂಬ ಹಿಂಬಾಗಿಲಿನಿಂದ.

ಎರಡನೆಯದು, ಉದ್ದೇಶ. ಸೋರಿಕೆ ತಡೆಯುವುದು. ನ್ಯಾಯವಾದ ಉದ್ದೇಶವೇ. ಅಂಕ ಕೊಡೋಣ. ಆದರೆ ಅಕ್ಕಿ ಸೋರುವುದು ಲಾರಿಯಿಂದ, ಗೋದಾಮಿನಿಂದ. ಬೀಗ ಹಾಕಿದ್ದು ಅಜ್ಜಿಯ ಬೆರಳಿಗೆ.

ಮೂರು ಮತ್ತು ನಾಲ್ಕು. 2018ರ ಮಾರ್ಚ್‌ನಲ್ಲಿ ಪ್ರಾಧಿಕಾರದ ಮುಖ್ಯಸ್ಥರೇ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡರು: ಸರ್ಕಾರಿ ಸೇವೆಗಳಲ್ಲಿ ದೃಢೀಕರಣ ನೂರಕ್ಕೆ ಸುಮಾರು 12 ಸಲ ಫೇಲಾಗುತ್ತದೆ. ನೂರು ಬಸ್ಸಿನಲ್ಲಿ ಹನ್ನೆರಡು ಹಳ್ಳಕ್ಕೆ ಬಿದ್ದರೆ ಡಿಪೋ ಮುಚ್ಚಿಸುತ್ತಿದ್ದೆವು. ಇಲ್ಲಿ ಹಳ್ಳಕ್ಕೆ ಬಿದ್ದವರಿಗೇ ಹೇಳುತ್ತಾರೆ: ಒರಸಿ ಇಡು.

2018ರ ಸೆಪ್ಟೆಂಬರ್ 26. ಐವರು ನ್ಯಾಯಮೂರ್ತಿಗಳು, 1448 ಪುಟ. ನಾಲ್ವರು ಸರ್ಕಾರವನ್ನು ಪಾಸು ಮಾಡಿದರು. ಒಬ್ಬರು, ನ್ಯಾಯಮೂರ್ತಿ ಚಂದ್ರಚೂಡ್, ಹಣಕಾಸು ಮಸೂದೆಯ ಆಟವನ್ನು ಸಂವಿಧಾನಕ್ಕೆ ಮಾಡಿದ ಮೋಸ ಎಂದು ಬರೆದರು. ನಾಲ್ಕಕ್ಕೆ ಒಂದು. ಸರ್ಕಾರ ಪಾಸು.

ಆದರೂ ಆ ಪಾಸಿಗೆ ಷರತ್ತುಗಳಿದ್ದವು. ಬೆರಳು ಹೊಂದಲಿಲ್ಲವೆಂದು ಯಾರಿಗೂ ರೇಷನ್ ತಪ್ಪಬಾರದು, ಬೇರೆ ಗುರುತು ನೋಡಿ ಕೊಡಿ. ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಕಡ್ಡಾಯ ಮಾಡಬೇಡಿ. ಮಕ್ಕಳ ಶಾಲಾ ಪ್ರವೇಶಕ್ಕೆ ಕೇಳಬೇಡಿ.

ಹೌದಾ? ನಮ್ಮೂರಿನ ಯಾವ ಝೆರಾಕ್ಸ್ ಅಂಗಡಿಗಾದರೂ ಜೂನ್ ತಿಂಗಳಲ್ಲಿ ಹೋಗಿ ನಿಲ್ಲಿ. ಶಾಲೆ ಸೇರುವ ಮಗುವಿಗೆ ಹೆಸರು ಹೇಳಲು ಬರುವ ಮೊದಲೇ ಆಧಾರ್ ಝೆರಾಕ್ಸ್ ಬಂದಿರುತ್ತದೆ. ಕಡ್ಡಾಯವೇ ಎಂದು ಕೇಳಿ ನೋಡಿ. ಎಲ್ಲ ಕೌಂಟರಿನಲ್ಲೂ ಒಂದೇ ಉತ್ತರ. "ಕಡ್ಡಾಯ ಏನಿಲ್ರಿ. ಆದ್ರ ಬೇಕ್ರಿ."

ಈ ಒಂದು ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿಸಿ ನಮ್ಮೂರಿನ ಅಮೃತೇಶ್ವರ ಗುಡಿಯ ಶಾಸನಗಳ ಪಕ್ಕ ನಿಲ್ಲಿಸಬೇಕು. ಸಾವಿರ ವರ್ಷದ ನಂತರ ಬಂದವರಿಗೆ ನಮ್ಮ ಗಣರಾಜ್ಯ ಅರ್ಥವಾಗಲು ಅಷ್ಟು ಸಾಕು.

ಆಧಾರ್ ಕಟ್ಟಿದ ನಂದನ್ ನಿಲೇಕಣಿಯವರೂ ಕನ್ನಡನಾಡಿನವರೇ, ಪ್ರಶ್ನಿಸಿದ ಪುಟ್ಟಸ್ವಾಮಿಯವರೂ ಕನ್ನಡನಾಡಿನವರೇ. ಹೆಮ್ಮೆ ಪಡಲು ಎರಡೂ ಕಡೆ ಜಾಗವಿದೆ. ಪಕ್ಷಗಳದ್ದೂ ಹಾಗೇ. ಹೆತ್ತದ್ದು ಒಂದು ಪಕ್ಷ. 2014ರ ಚುನಾವಣೆಯಲ್ಲಿ ಬೈದದ್ದು ಇನ್ನೊಂದು. ಕುರ್ಚಿ ಬದಲಾಯಿತು. ಬೈದವರು ತೊಡೆಯ ಮೇಲೆ ಕೂರಿಸಿ ಸಾಕಿದರು. ಹೆತ್ತವರು ಮಗುವಿನ ನಡತೆ ಸರಿಯಿಲ್ಲ ಎಂದರು.

ಬೆರಳು ಹೊಂದದಿದ್ದರೆ ಏನು ಮಹಾ, ಒಂದು ತಿಂಗಳ ಅಕ್ಕಿ ತಾನೇ ಎನ್ನುವವರಿಗೆ ಗೋಕರ್ಣದ ಕಥೆ. 2017ರ ಜುಲೈನಲ್ಲಿ ಅಲ್ಲಿಯ ಒಂದು ದಲಿತ ಕುಟುಂಬದ ಮೂವರು ಅಣ್ಣತಮ್ಮಂದಿರು ಒಂದೇ ತಿಂಗಳಲ್ಲಿ ಸತ್ತರು. ಆಧಾರ್ ಜೋಡಣೆ ಆಗಿಲ್ಲವೆಂದು ಮನೆಗೆ ತಿಂಗಳುಗಟ್ಟಲೆ ರೇಷನ್ ನಿಂತಿತ್ತು, ಇದು ಹಸಿವಿನ ಸಾವು ಎಂದು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯವರು ಹೋಗಿ ನೋಡಿ ವರದಿ ಬರೆದರು. ಹಸಿವಿನಿಂದಲ್ಲ ಎಂದಿತು ಸರ್ಕಾರ.

ನಮ್ಮೂರಿನವರಿಗೆ ಇದನ್ನು ಕೇಳಿ ಇನ್ನೊಂದು ನೆನಪಾಗುತ್ತದೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ತೋಡುವಾಗ ನೂರಾರು ತಲೆಬುರುಡೆ ಸಿಕ್ಕವು. ಪೊಲೀಸರು ಬಂದರು, ಪುರಾತತ್ವದವರು ಬಂದರು, ಟಿವಿಯವರು ಬಂದರು. ಬುರುಡೆಗಳು ಪ್ರಯೋಗಾಲಯಕ್ಕೆ ಹೋದವು. ಯಾವ ಕಾಲದವು? ಹೇಗೆ ಸತ್ತರು? ಡೋಗಿ ಬರದಲ್ಲಿ, ಅಂದರೆ 1791-92ರ ಸುಮಾರಿನ ಭೀಕರ ಹಸಿವಿನಲ್ಲಿ ಸತ್ತವರದ್ದು ಎಂಬ ಮಾತೂ ಬಂತು. ಆ ಮಾತಿಗೆ ಯಾವ ಸಾಹೇಬರಿಗೂ ಸಿಟ್ಟು ಬರಲಿಲ್ಲ.

ಇನ್ನೂರು ವರ್ಷ ಹಳೆಯ ಹಸಿವನ್ನು ಒಪ್ಪಲು ಸರ್ಕಾರಕ್ಕೆ ತೊಂದರೆಯಿಲ್ಲ. ಮೊನ್ನೆಯ ಹಸಿವು ಮಾತ್ರ ಒಪ್ಪಿಗೆಯಾಗುವುದಿಲ್ಲ. ಅಂದ ಹಾಗೆ, ಆ ಬುರುಡೆಗಳಿಗೆ ಯಾರೂ ಹೆಬ್ಬೆಟ್ಟು ಕೇಳಲಿಲ್ಲ.

ಸಂವಿಧಾನದ ಪರೀಕ್ಷೆಗಳು ನಮ್ಮ ಜಿಲ್ಲೆಗೆ ಗೊತ್ತಿಲ್ಲ ಎನ್ನಬೇಡಿ. ಒಂದು ಪರೀಕ್ಷೆ ಚಹಾದ ಅಂಗಡಿಯ ಹುಡುಗನಿಗೂ ಬಾಯಿಪಾಠ. ಬಹುಮತ ಪರೀಕ್ಷೆ. ಅದರ ತವರು ನಮ್ಮ ಕಡೆಯದೇ. ಹುಬ್ಬಳ್ಳಿ ಗ್ರಾಮೀಣದ ಶಾಸಕ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ಕೇಳದೆ 1989ರ ಏಪ್ರಿಲ್ 21ರಂದು ಸರ್ಕಾರವನ್ನು ವಜಾ ಮಾಡಿದರು. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ತೂಗುವ ತಕ್ಕಡಿ ಇರುವುದು ಸದನದಲ್ಲಿ, ರಾಜಭವನದಲ್ಲಲ್ಲ. ದೊಡ್ಡ ತೀರ್ಪು. ಹೆಮ್ಮೆಯ ತೀರ್ಪು.

ಅದೇ ತೀರ್ಪಿನ ಬಲದ ಮೇಲೆ 2018ರ ಮೇ 17ರ ನಸುಕಿನಲ್ಲಿ ಸುಪ್ರೀಂ ಕೋರ್ಟು ಬಾಗಿಲು ತೆರೆಯಿತು. ಕರ್ನಾಟಕದ ಕುರ್ಚಿ ಯಾರದೆಂದು ರಾತ್ರಿ ಎರಡು ಗಂಟೆಯಿಂದ ಬೆಳಗಿನ ಜಾವದವರೆಗೆ ವಾದ. ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನ ಮರುದಿನದ ಆದೇಶದಲ್ಲಿ ಒಂದು ದಿನಕ್ಕೆ ಇಳಿಯಿತು. ಮೇ 19ರ ಸಂಜೆ ನಾಲ್ಕಕ್ಕೆ ಪರೀಕ್ಷೆ ಎಂದರು. ಪರೀಕ್ಷಾರ್ಥಿ ಬರೆಯದೆಯೇ ಎದ್ದು ಹೋದರು.

ಕುರ್ಚಿಯ ಪ್ರಶ್ನೆಗೆ ಎರಡು ದಿನ. ಬೆರಳಿನ ಪ್ರಶ್ನೆಗೆ ಆರು ವರ್ಷ. ಬೊಮ್ಮಾಯಿ ಪರೀಕ್ಷೆ ಎಲ್ಲರಿಗೂ ಗೊತ್ತು, ಏಕೆಂದರೆ ಅದು ಅವರ ಕುರ್ಚಿಯದು. ಪುಟ್ಟಸ್ವಾಮಿ ಪರೀಕ್ಷೆ ಯಾರಿಗೂ ಗೊತ್ತಿಲ್ಲ, ಏಕೆಂದರೆ ಅದು ನಮ್ಮ ಬೆನ್ನಿನದು.

ಬೆನ್ನು ಅಂದೆ. ನವಲಗುಂದದ ಪಕ್ಕದ ಯಮನೂರು ನೆನಪಿರಬೇಕು.

2016ರ ಜುಲೈ 27. ಮಹದಾಯಿ ನದಿಯಿಂದ 7.56 ಟಿಎಂಸಿ ನೀರು ಕೇಳಿದ ಕರ್ನಾಟಕದ ಮಧ್ಯಂತರ ಅರ್ಜಿಯನ್ನು ನ್ಯಾಯಮಂಡಳಿ ತಳ್ಳಿಹಾಕಿತು. ನವಲಗುಂದ ಉರಿಯಿತು. ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟವರಿದ್ದರು, ಸುಳ್ಳೇಕೆ. ಇಟ್ಟವರನ್ನು ಹಿಡಿಯಿರಿ, ಕೇಸು ಹಾಕಿ. ಯಾರು ಬೇಡ ಅಂದರು? ಆದರೆ ಅದೇ ವಾರ ಪೊಲೀಸರು ಯಮನೂರಿನ ಮನೆಗಳಿಗೇ ನುಗ್ಗಿದರು. ಹೆಂಗಸರು, ಮುದುಕರು ಅನ್ನದೆ ಬಡಿದರು. ಇಡೀ ರಾಜ್ಯ ಅದನ್ನು ಟಿವಿಯಲ್ಲಿ ನೋಡಿತು.

ನಾಲ್ಕು ಪ್ರಶ್ನೆ ಹಾಕಿ ನೋಡಿ. ಕಾನೂನು? ಪೊಲೀಸರಿಗೆ ಅಧಿಕಾರವಿದೆ. ಉದ್ದೇಶ? ಶಾಂತಿ ಕಾಪಾಡುವುದು. ದಾರಿ? ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವವಳ ಬೆನ್ನು ಬಡಿದರೆ ಬೀದಿಯಲ್ಲಿ ಶಾಂತಿ ಹೇಗೆ ಬರುತ್ತದೆ? ಇಲ್ಲೇ ಫೇಲು. ನಾಲ್ಕನೆಯ ಪ್ರಶ್ನೆ ಓದುವ ಅಗತ್ಯವೇ ಇಲ್ಲ.

ಈ ಮಣ್ಣಿಗೆ ಇದು ಮೊದಲ ಸಲವೂ ಅಲ್ಲ. 1980ರ ಜುಲೈ 21. ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಮನೆ ಮುಟ್ಟಿತ್ತು. ಯಾವ ಅಭಿವೃದ್ಧಿಗೆ ಕರ ಎಂದು ಕೇಳಿದ ರೈತರಿಗೆ ನವಲಗುಂದ, ನರಗುಂದಗಳಲ್ಲಿ ಗುಂಡಿನ ಉತ್ತರ ಬಂತು. ಈಗ ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಬಂದು ಹುತಾತ್ಮರಿಗೆ ಮಾಲೆ ಹಾಕುತ್ತಾರೆ. ಗುಂಡು ಹಾರಿಸಿದ ಸರ್ಕಾರದ ಪಕ್ಷದವರೂ. ಮಾಲೆಗೆ ಮಾತ್ರ ಯಾವ ಪರೀಕ್ಷೆಯೂ ಇಲ್ಲ.

ಪಟ್ಟಣದವರದ್ದು ಬೇರೆ ಕಥೆ ಎಂದುಕೊಳ್ಳಬೇಡಿ. 2019ರ ಡಿಸೆಂಬರ್ 19ರಿಂದ ಮೂರು ದಿನ ಬೆಂಗಳೂರಿನಲ್ಲಿ ಗುಂಪುಗೂಡುವುದನ್ನು ನಿಷೇಧಿಸುವ ಸೆಕ್ಷನ್ 144. ಟೌನ್ ಹಾಲ್ ಮುಂದೆ ಒಂದು ಫಲಕ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಎಳೆದುಕೊಂಡು ಹೋದರು. ಪಾಪ, ಅವರ ಕೈಯಲ್ಲಿದ್ದದ್ದು ಆ ಫಲಕ ಒಂದೇ. 2020ರ ಜನವರಿ 10ರಂದು ಸುಪ್ರೀಂ ಕೋರ್ಟು ಕಾಶ್ಮೀರದ ಪ್ರಕರಣದಲ್ಲಿ ಹೇಳಿತು: 144 ಹೇರುವಾಗಲೂ ಅಳತೆ ಇರಬೇಕು, ಭಿನ್ನಮತ ಹತ್ತಿಕ್ಕಲು ಬಳಸಬೇಡಿ. ಫೆಬ್ರವರಿ 13ರಂದು ನಮ್ಮ ಹೈಕೋರ್ಟು ಹೇಳಿತು: ಬೆಂಗಳೂರಿನ ಆ ಆದೇಶ ಕಾನೂನುಬಾಹಿರ.

ಮೂರು ದಿನದ ಆದೇಶ ತಪ್ಪೆಂದು ತಿಳಿಯಲು ಎರಡು ತಿಂಗಳು. ಮದುವೆ ಮುಗಿದ ಮೇಲೆ ಓಲಗ. 2024ರ ಜುಲೈಯಿಂದ ಆ ಸೆಕ್ಷನ್ನಿಗೆ 163 ಎಂಬ ಹೊಸ ನಂಬರು ಬಂದಿದೆ. ಲಾಠಿ ಹಳೆಯದೇ.

ಪೂರ್ತಿ ತಪ್ಪು ಸರ್ಕಾರದ್ದು ಎಂದು ಬರೆದು ಕೈತೊಳೆದುಕೊಂಡರೆ ನಾನೂ ಕಪಟಿಯೇ. ನಮ್ಮನ್ನೂ ನೋಡೋಣ. ಕಟ್ಟೆಯ ಮೇಲೆ ಕೂತವರ ಅಚ್ಚುಮೆಚ್ಚಿನ ಮಾತು: "ಮುಚ್ಚಿಡೂದು ಏನೈತ್ರಿ ನಮ್ಮದು? ತಪ್ಪು ಮಾಡಿದವ್ರಿಗೆ ಅಂಜಿಕಿ." ಹೀಗೆ ಹೇಳುವ ಪುಣ್ಯಾತ್ಮ ತನ್ನ ಹೊಲದ ಉತಾರವನ್ನು ಸ್ವಂತ ತಮ್ಮನಿಗೆ ತೋರಿಸಿಲ್ಲ. ಬ್ಯಾಂಕಿನ ಪಾಸ್‌ಬುಕ್ಕು ಹೆಂಡತಿಗೆ ತೋರಿಸಿಲ್ಲ. ಮೊಬೈಲಿಗೆ ಎರಡು ಲಾಕು. ದೇಶದ ಮುಂದೆ ಮಾತ್ರ ದಿಗಂಬರ.

ಲಾಠಿ ಬೇರೆಯವರ ಬೆನ್ನಿಗೆ ಬಿದ್ದಾಗ "ಹಿಂಗ ಆಗಬೇಕು" ಅನ್ನುತ್ತೇವೆ. ನಮ್ಮ ಬೆನ್ನಿಗೆ ಬಿದ್ದಾಗ ಸಂವಿಧಾನ ಎಲ್ಲಿ ಎಂದು ಹುಡುಕುತ್ತೇವೆ. ಅದು ಜಾಥಾದ ವಾಹನ ಹತ್ತಿ ಮುಂದಿನ ಊರಿಗೆ ಹೋಗಿರುತ್ತದೆ.

ಅಜ್ಜಿಯ ಕಥೆ ಮುಗಿಸುತ್ತೇನೆ.

ಬೆರಳು ಸೋತ ಮೇಲೆ ಓಟಿಪಿ ಎಂಬ ದಾರಿ ಇದೆ. ಕೋರ್ಟು ಹೇಳಿದ ಬೇರೆ ದಾರಿ ಇದೇ ಇರಬೇಕು. ಕಾರ್ಡಿಗೆ ಜೋಡಿಸಿದ ಮೊಬೈಲು ಮೊಮ್ಮಗನದು. ಮೊಮ್ಮಗ ದುಡಿಯಲು ಗೋವಾಕ್ಕೆ ಹೋಗಿದ್ದಾನೆ. ಸಾಲಿನಲ್ಲಿದ್ದ ಹುಡುಗನೊಬ್ಬ ಫೋನು ಹಚ್ಚಿ ಸ್ಪೀಕರಿಗೆ ಇಟ್ಟ. ಆ ಕಡೆಯಿಂದ ಮೊಮ್ಮಗ ಕೂಗಿದ, ಈ ಕಡೆ ಅಜ್ಜಿಗೆ ಕಿವಿ ಮಂದ. ಮತ್ತೆ ಕೂಗಿದ. ಆರು ಅಂಕಿಗಳನ್ನು ಸಾಲಿನ ಇಪ್ಪತ್ತು ಜನ ಒಬ್ಬರಿಗೊಬ್ಬರು ದಾಟಿಸಿದೆವು, ಬೆಂಕಿ ಬಿದ್ದಾಗ ಕೊಡ ದಾಟಿಸಿದ ಹಾಗೆ. ಯಾರಿಗೂ ಹೇಳಬೇಡಿ ಎಂದು ಅದೇ ಮೆಸೇಜಿನಲ್ಲಿ ಬರೆದಿರುತ್ತದೆ.

ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಕೊಟ್ಟ ಖಾಸಗಿತನದ ಹಕ್ಕು ನಮ್ಮೂರಿಗೆ ಬಂದು ತಲುಪಿದ್ದು ಹೀಗೆ, ಇಪ್ಪತ್ತು ದನಿಯಲ್ಲಿ.

ಮುಂದಿನ ತಿಂಗಳು ನಾನು ಮತ್ತೆ ಅದೇ ಸಾಲಿನಲ್ಲಿದ್ದೆ. ಅಜ್ಜಿ ಬೆರಳು ಇಟ್ಟಳು. ಮಷೀನಿಗೆ ಆ ದಿನ ಏನನ್ನಿಸಿತೋ, ಹಸಿರು ದೀಪ.

ಅಜ್ಜಿ ಚೀಲ ಬಿಚ್ಚುತ್ತ ಅಂದಳು, "ಈ ತಿಂಗಳ ನಾ ನಾನೇ ಅದೀನಂತೋ ತಮ್ಮಾ. ಲಗೂನ ಹಾಕಿಬಿಡು, ಮತ್ತೆಲ್ಲಿ ಬದಲಾಗ್ತೀನೋ ಏನೋ."